432 ಹೆಣಿಕೆಗೆ ಒಂದು ತಲೆ

ಕಾರಹುಣ್ಣಿಮೆ ಮುಗಿದು ಹದಿನೈದು ದಿನಕ್ಕೆ ಸವಣೂರು ಸೀಮೆಯ ಮನೆಗಳಿಗೆ ಎತ್ತುಗಳು ಬರುತ್ತವೆ. ಅಂಗೈಯಷ್ಟು ಉದ್ದ, ಜೋಡಿ ಜೋಡಿ, ಮೈ ಇನ್ನೂ ಹಸಿ. ಅಂದು ಮಣ್ಣೆತ್ತಿನ ಅಮಾವಾಸ್ಯೆ. ಕೆರೆಯಂಗಳದ ಮಣ್ಣನ್ನು ರೊಟ್ಟಿ ಹಿಟ್ಟಿನ ಹಾಗೆ ನಾದಿ, ನಾಲ್ಕು ಕಾಲು ಎಳೆದು, ಕೋಡು ಚಿವುಟಿ, ಹೆಗಲ ಮೇಲೆ ಡುಬ್ಬ ಎತ್ತಿ, ಕಣ್ಣಿನ ಜಾಗಕ್ಕೆ ಒಂದೊಂದು ಕಾಳು ಒತ್ತಿದರೆ ಎತ್ತು ಸಿದ್ಧ. ಪೂಜೆ, ಹೋಳಿಗೆಯ ಎಡೆ ಆದ ಮೇಲೆ ಅವು ಮಕ್ಕಳ ಪಾಲು. ಮುಂದೆ ನಾಲ್ಕೈದು ತಿಂಗಳಿಗೆ ಗೌರಿ ಹುಣ್ಣಿಮೆ. ಆಗ ಸಕ್ಕರೆ ಗೊಂಬೆಗಳ ಸರದಿ. ಕಟ್ಟಿಗೆಯ ಅಚ್ಚಿಗೆ ಬಿಸಿ ಪಾಕ ಹೊಯ್ದು ಬಿಡಿಸಿದ ಆನೆ, ಒಂಟೆ, ನವಿಲು, ಗಿಳಿ, ತೇರು, ಬಸವಣ್ಣ. ಮದುವೆ ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯವರು ಹೊಸ ಸೀರೆಯ ಜೊತೆ ಸಕ್ಕರೆ ಆರತಿ ಹೊತ್ತು ತರುತ್ತಾರೆ. ಆರತಿ ಬೆಳಗಿ ತಾಟು ಕೆಳಗಿಡುವಷ್ಟರಲ್ಲಿ ಆನೆಯ ಸೊಂಡಿಲು ಯಾವುದೋ ಮಗುವಿನ ಬಾಯಿ ಸೇರಿರುತ್ತದೆ.

ಕೈಯಾರೆ ಪ್ರಾಣಿ ಮಾಡಿ ಮಕ್ಕಳಿಗೆ ಕೊಡುವುದು ಇಲ್ಲಿ ಪಂಚಾಂಗದಲ್ಲೇ ಬರೆದಿಟ್ಟ ರೂಢಿ. ಹೊಸದಾಗಿ ಬಂದಿರುವುದು ದಾರ. ಉಲನ್ ಉಂಡೆ, ಗೇಣುದ್ದದ ಕೊಕ್ಕೆ ಸೂಜಿ, ಒಳಗೆ ತುಂಬಲು ಒಂದಿಷ್ಟು ಹತ್ತಿ, ಇಷ್ಟೇ ಬಂಡವಾಳದಲ್ಲಿ ಆನೆ, ಮೊಲ, ಕರಡಿ, ಆಮೆಗಳು ಹುಟ್ಟುತ್ತಿವೆ. ತೊಟ್ಟಿಲು ಕಾರ್ಯಕ್ಕೆ, ಮೊದಲ ಹುಟ್ಟುಹಬ್ಬಕ್ಕೆ, ದೂರದ ಊರಿನಲ್ಲಿ ಹೆತ್ತ ಗೆಳತಿಗೆ ಉಡುಗೊರೆಯಾಗಿ ಹೋಗುತ್ತಿವೆ. ಮೊಬೈಲಿನಲ್ಲಿ ವಿಡಿಯೊ ಹಚ್ಚಿಟ್ಟು, ತಪ್ಪಿದಲ್ಲಿ ನಿಲ್ಲಿಸಿ, ಮತ್ತೆ ಹಿಂದಕ್ಕೆ ಓಡಿಸಿ ನೋಡಿ ಕಲಿತವರೇ ಹೆಚ್ಚು.

ಉತ್ತರ ಕರ್ನಾಟಕದ ಪಡಸಾಲೆಗಳಿಗೆ ಈ ಕೊಕ್ಕೆ ಸೂಜಿಯ ಹೆಣಿಕೆ, ಕ್ರೋಶಾ, ಅಪರಿಚಿತವೇನಲ್ಲ. ಬಾಗಿಲ ತೋರಣ, ಟಿ.ವಿ. ಮೇಲಿನ ಹೊದಿಕೆ, ತಾಟಿನ ಮುಚ್ಚಳದ ಜಾಳಿಗೆ, ದೇವರ ಜಗಲಿಯ ಪರದೆಯ ಅಂಚು, ಇವನ್ನೆಲ್ಲ ಒಂದು ತಲೆಮಾರಿನ ಹೆಣ್ಣುಮಕ್ಕಳು ಮಧ್ಯಾಹ್ನದ ಹೊತ್ತಿನಲ್ಲಿ ಹಾಕಿ ಹಾಕಿ ಗುಡ್ಡೆ ಮಾಡಿದ್ದಾರೆ. ಮದುವೆಯ ರುಖವತದಲ್ಲಿ ಉಂಡಿ, ಕರ್ಚಿಕಾಯಿಗಳ ಪಕ್ಕದಲ್ಲಿ ಮದುಮಗಳ ಕೈಕೆಲಸವನ್ನೂ ಸಾಲಾಗಿ ಇಡುವ ಪದ್ಧತಿ ಧಾರವಾಡ ಸೀಮೆಯ ಅನೇಕ ಮನೆಗಳಲ್ಲಿತ್ತು. ಮರಾಠಿಯ ನಂಟಿರುವ ಮನೆಗಳಲ್ಲಿ ಈ ಕಲೆಯ ಪರಿಭಾಷೆಯೂ ಮರಾಠಿಯದೇ. ಚೈನಿಗೆ ಸಾಖಳಿ, ಉದ್ದ ಹೆಣಿಕೆಗೆ ಖಾಂಬ, ಅತಿ ಗಿಡ್ಡ ಹೆಣಿಕೆಗೆ ಮುಕಾ ಖಾಂಬ, ಎಂದರೆ ಮೂಕ ಕಂಬ. ಗೊಂಬೆ ಹೆಣೆಯುವವರಿಗೆ ಬೇಕಿರುವುದು ಬಹುಪಾಲು ಈ ಮೂಕ ಕಂಬವೊಂದೇ. ಎತ್ತರ ಕಡಿಮೆ, ಮೈ ಒತ್ತು, ನಡುವೆ ಕಿಂಡಿ ಬೀಳುವುದಿಲ್ಲ. ತುಂಬಿದ ಹತ್ತಿ ಹೊರಗೆ ಇಣುಕಬಾರದೆಂದರೆ ಇಂಥದೇ ಹೆಣಿಕೆ ಬೇಕು.

ಕ್ರೋಶಾ ಎಂಬ ಮಾತಿನ ಮೂಲ ಫ್ರೆಂಚ್. ಅಲ್ಲಿ ಅದಕ್ಕೆ ಸಣ್ಣ ಕೊಕ್ಕೆ ಎಂದರ್ಥ. ಯುರೋಪಿನಲ್ಲಿ ಇದರ ಮಾದರಿಗಳು ಅಚ್ಚಾಗತೊಡಗಿದ್ದು 1820ರ ದಶಕದಲ್ಲಿ, ಒಂದು ಡಚ್ ಪತ್ರಿಕೆಯಲ್ಲಿ. 1840ರ ದಶಕದಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಭೀಕರ ಬರ ಬಿದ್ದಾಗ ಕ್ರೋಶಾ ಲೇಸು ಮಾರಿ ಜೀವ ಹಿಡಿದುಕೊಂಡ ಕುಟುಂಬಗಳು ಬಹಳ. ನಮ್ಮ ಕಡೆಗೆ ಇಂಥ ಸೂಜಿ ಕೆಲಸಗಳು ಬಂದ ದಾರಿಗಳಲ್ಲಿ ಮಿಷನ್ ಶಾಲೆಗಳದೂ ಒಂದು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂತು. ಮಿಷನ್ನಿನ ಹೆಣ್ಣುಮಕ್ಕಳ ಶಾಲೆಗಳಲ್ಲಿ ಓದು ಬರಹದ ಜೊತೆಗೆ ಸೂಜಿ ದಾರಕ್ಕೂ ಒಂದು ಹೊತ್ತು ಇರುತ್ತಿತ್ತು.

ತುಂಬಿದ ಗೊಂಬೆಯನ್ನು ಹೆಣೆಯುವ ಈಗಿನ ಶೈಲಿಯ ತವರು ಮಾತ್ರ ಜಪಾನು. ಅಲ್ಲಿ ಇದಕ್ಕೆ ಅಮಿಗುರುಮಿ ಎಂದು ಹೆಸರು. ಅಮಿ ಎಂದರೆ ಹೆಣೆದದ್ದು, ನುಯಿಗುರುಮಿ ಎಂದರೆ ತುಂಬಿ ಹೊಲಿದ ಗೊಂಬೆ. ಎರಡೂ ಕೂಡಿ ಒಂದಾದ ಮಾತಿದು. ದೊಡ್ಡ ತಲೆ, ಗಿಡ್ಡ ಕಾಲು, ಮುಖದಲ್ಲಿ ಕೆಳಗೆ ಇಳಿದು ಕೂತ ಅಗಲ ಕಣ್ಣು. ಹಸುಗೂಸಿನ ಮುಖದ ಅಳತೆಯೂ ಇಂಥದೇ ಆದ್ದರಿಂದ ನೋಡಿದ ಕೂಡಲೇ ಎತ್ತಿಕೊಳ್ಳಬೇಕು ಅನ್ನಿಸುತ್ತದೆ. 2000ದ ನಂತರ ಅಂತರ್ಜಾಲದ ಬೆನ್ನೇರಿ ಇದು ಲೋಕವನ್ನೆಲ್ಲ ಸುತ್ತಿತು.

ಹೇಗೆ ಹೆಣೆಯುತ್ತಾರೆ ಎಂಬುದನ್ನು ಹತ್ತಿರ ಕೂತು ನೋಡಬೇಕು.

ದಾರವನ್ನು ಎಡಗೈಯ ತೋರುಬೆರಳಿಗೆ ಎರಡು ಸುತ್ತು ಸುತ್ತಿ, ಆ ಸುತ್ತಿನೊಳಗೆ ಆರು ಹೆಣಿಕೆ ಹಾಕಿ, ಬಾಲ ಹಿಡಿದು ಎಳೆದರೆ ನಡುವಿನ ತೂತು ಮುಚ್ಚಿಹೋಗುತ್ತದೆ. ಕಲಿಯುವವರು ಇದನ್ನು ಮ್ಯಾಜಿಕ್ ರಿಂಗ್ ಎನ್ನುತ್ತಾರೆ. ಮೊದಲ ಸಲ ಯಾರಿಗೂ ಬರುವುದಿಲ್ಲ, ನಾಲ್ಕನೆಯ ಸಲಕ್ಕೆ ಬರುತ್ತದೆ. ಎರಡನೆಯ ಸುತ್ತಿನಲ್ಲಿ ಪ್ರತಿ ಹೆಣಿಕೆಯ ತಲೆಯ ಮೇಲೂ ಎರಡೆರಡು. ಆರು ಇದ್ದದ್ದು ಹನ್ನೆರಡಾಯಿತು. ಮೂರನೆಯ ಸುತ್ತಿಗೆ ಒಂದು ಬಿಟ್ಟು ಒಂದಕ್ಕೆ ಎರಡು, ಹದಿನೆಂಟು. ಹೀಗೆ ಸುತ್ತಿಗೆ ಆರರಂತೆ ಏರಿಸುತ್ತ 24, 30, 36. ಚಕ್ಕಲಿ ಒತ್ತಿದ ಹಾಗೆ ಸುತ್ತು ಎಲ್ಲಿಯೂ ಕಡಿಯದೆ ಸಾಗುತ್ತದೆ. ಎಲ್ಲಿ ಶುರುವಾಯಿತೆಂದು ಮರೆಯದಿರಲು ಬೇರೆ ಬಣ್ಣದ ಒಂದು ಎಳೆಯನ್ನೋ ಸೇಫ್ಟಿ ಪಿನ್ನನ್ನೋ ಗುರುತಿಗೆ ಸಿಕ್ಕಿಸಿಡುತ್ತಾರೆ.

36ಕ್ಕೆ ಬಂದಾಗ ಕೈಯಲ್ಲಿರುವುದು ಒಂದು ಪುಟ್ಟ ತಾಟು. ಮುಂದೆ ಏರಿಸುವುದನ್ನು ನಿಲ್ಲಿಸಿ ಆರು ಸುತ್ತು ಬರೀ ಮೂವತ್ತಾರೇ ಹಾಕಿದರೆ ತಾಟಿನ ಅಂಚು ಎದ್ದು ನಿಂತು ಬಟ್ಟಲಾಗುತ್ತದೆ. ಆಮೇಲೆ ಬಂದ ದಾರಿಯಲ್ಲೇ ಇಳಿಯುವುದು: 30, 24, 18. ಬಾಯಿ ಕಿರಿದಾಗುವ ಮುಂಚೆ ಹತ್ತಿ ತುಂಬಿ, 12, 6 ಹಾಕಿ ಬಾಯಿ ಕಟ್ಟಿದರೆ ಚೆಂಡು. ಲೆಕ್ಕ ಹಾಕಿ ನೋಡಬಹುದು. ಏರುವಾಗ 126, ಸಮ ಸುತ್ತುಗಳಲ್ಲಿ 216, ಇಳಿಯುವಾಗ 90. ನಿಂಬೆಹಣ್ಣಿನ ಗಾತ್ರದ ಒಂದು ತಲೆಗೆ 432 ಹೆಣಿಕೆ. ಒಂದೊಂದು ಹೆಣಿಕೆಗೂ ಸೂಜಿ ಎರಡು ಸಲ ದಾರ ಹಿಡಿದು ಎಳೆಯಬೇಕು. ಮೈ, ನಾಲ್ಕು ಕಾಲು, ಎರಡು ಕಿವಿ, ಬಾಲ ಎಲ್ಲ ಸೇರಿದರೆ ಸಾಧಾರಣ ಗೊಂಬೆಯೊಂದು ಎರಡು ಸಾವಿರ ಹೆಣಿಕೆಯ ಹತ್ತಿರಕ್ಕೆ ಬರುತ್ತದೆ.

ಆರೇ ಏಕೆ? ಗಿಡ್ಡ ಹೆಣಿಕೆಯ ಅಗಲ ಎತ್ತರಗಳು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಸುತ್ತಿಗೆ ಆರು ಏರಿಸಿದರೆ ವೃತ್ತ ನೆಲಕ್ಕೆ ಅಂಟಿದಂತೆ ಚಪ್ಪಟೆಯಾಗಿ ಬೆಳೆಯುತ್ತದೆ. ಅದಕ್ಕಿಂತ ಕಡಿಮೆ ಹಾಕಿದರೆ ಬಟ್ಟಲಿನಂತೆ ಒಳಕ್ಕೆ ಬಾಗುತ್ತದೆ, ಹೆಚ್ಚು ಹಾಕಿದರೆ ಲಂಗದ ನೆರಿಗೆಯಂತೆ ಅಲೆಯಲೆಯಾಗುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸುತ್ತಿದ್ದ ಲಾಟ್ವಿಯಾ ಮೂಲದ ಡೈನಾ ತೈಮಿನಾ 1997ರಲ್ಲಿ ಇದೇ ನೆರಿಗೆಯನ್ನು ಬೇಕೆಂದೇ ಹೆಣೆದರು. ಕಾಗದದ ಮೇಲೆ ವಿದ್ಯಾರ್ಥಿಗಳಿಗೆ ತೋರಿಸಲು ಕಷ್ಟವಾಗಿದ್ದ ಹೈಪರ್ಬೋಲಿಕ್ ರೇಖಾಗಣಿತವನ್ನು ಕೈಯಲ್ಲಿ ಹಿಡಿದು ಮಡಚಿ ನೋಡುವಂತೆ ಮಾಡಿದ್ದು ಕ್ರೋಶಾ ಸೂಜಿ.

ಇತ್ತ ಸವಣೂರಿನಲ್ಲಿ ಈ ಲೆಕ್ಕ ಪ್ರತಿ ಶುಕ್ರವಾರ ಮಸೀದಿಯ ಮೆಟ್ಟಿಲೇರುತ್ತದೆ. ಕ್ರೋಶಾದಲ್ಲಿ ಹೆಣೆದ ಬಿಳಿ ಜಾಳಿಗೆಯ ನಮಾಜ್ ಟೋಪಿ ಶುರುವಾಗುವುದೂ ನಡುನೆತ್ತಿಯ ಪುಟ್ಟ ಉಂಗುರದಿಂದಲೇ. ಸುತ್ತು ಸುತ್ತಿಗೂ ಏರಿಸುತ್ತ ತಲೆಯ ಅಗಲಕ್ಕೆ ಬಂದ ಮೇಲೆ ಏರಿಕೆ ನಿಲ್ಲಿಸಿ ಗೋಡೆ ಇಳಿಸುತ್ತಾರೆ. ಗೊಂಬೆಯ ತಲೆಯ ಮೇಲರ್ಧವೂ ಈ ಟೋಪಿಯೂ ಒಂದೇ ಲೆಕ್ಕದ ಮಕ್ಕಳು. ಟೋಪಿ ಹಾಕಲು ಬರುವ ಕೈಗೆ ಆನೆಯ ತಲೆ ಹಾಕಲು ಅರ್ಧ ದಿನದ ಪಾಠ ಸಾಕು.

ಕಸೂತಿ ಬಲ್ಲವರಿಗೂ ಹಾಗೆಯೇ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಇಳಕಲ್ ಸೀರೆಯ ಮೇಲೆ ಆನೆ ಅಂಬಾರಿ, ನವಿಲು, ಗಿಳಿ, ತೇರುಗಳನ್ನು ತೆಗೆಯುವ ಧಾರವಾಡ ಕಡೆಯ ಕಸೂತಿ ಬಟ್ಟೆಯ ಎಳೆ ಎಣಿಸಿ ಮಾಡುವ ಕೆಲಸ. ಒಂದೆಳೆ ತಪ್ಪಿದರೆ ನವಿಲಿನ ಕತ್ತು ಸೊಟ್ಟ. ಗೊಂಬೆ ಹೆಣೆಯುವಾಗಲೂ ಬಾಯಿಯೊಳಗೆ ಲೆಕ್ಕ ನಡೆದೇ ಇರುತ್ತದೆ. ಮಾತಾಡಿಸಿದರೆ ಉತ್ತರ ಬರುವುದು ಸುತ್ತು ಮುಗಿದ ಮೇಲೆಯೇ.

ಹೀಗೆ ಕೈ ಇದೆ, ಲೆಕ್ಕ ಇದೆ, ಕೊಡುವ ರೂಢಿ ಇದೆ. ಕೊರತೆ ಇರುವುದು ಪ್ರಾಣಿಗಳದ್ದು. ಪುಕ್ಕಟೆ ಸಿಗುವ ಮಾದರಿಗಳಲ್ಲಿ ಹತ್ತಕ್ಕೆ ಎಂಟು ಕರಡಿ, ಮೊಲ, ಯುನಿಕಾರ್ನ್, ಪೆಂಗ್ವಿನ್. ಕರಡಿಗೊಂದು ಕಾರಣವಿದೆ. 1902ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಬೇಟೆಯಲ್ಲಿ ಕಟ್ಟಿಹಾಕಿದ್ದ ಕರಡಿಗೆ ಗುಂಡು ಹೊಡೆಯಲೊಪ್ಪದ ಸುದ್ದಿ ವ್ಯಂಗ್ಯಚಿತ್ರವಾಗಿ, ಆ ಚಿತ್ರ ಬಟ್ಟೆಯ ಗೊಂಬೆಯಾಗಿ ಟೆಡ್ಡಿ ಕರಡಿ ಹುಟ್ಟಿತು. ಅದಕ್ಕೂ ಮುಂಚೆ, 1880ರಲ್ಲಿ, ಜರ್ಮನಿಯ ಮಾರ್ಗರೆಟ್ ಷ್ಟೈಫ್ ಎಂಬ ಹೊಲಿಗೆಯ ಹೆಣ್ಣುಮಗಳು ಗುಂಡುಸೂಜಿ ಚುಚ್ಚಿಡಲೆಂದು ಒಂದು ಪುಟ್ಟ ಆನೆ ಮಾಡಿದ್ದರು. ಚಿಕ್ಕಂದಿನಲ್ಲೇ ಪೋಲಿಯೊ ತಗುಲಿ ಗಾಲಿ ಕುರ್ಚಿಯಲ್ಲಿ ಬಾಳಿದಾಕೆ. ಸೂಜಿ ಚುಚ್ಚಲು ಕೊಂಡ ಆನೆಯನ್ನು ಮಕ್ಕಳು ಆಟಕ್ಕೆ ಎತ್ತಿಕೊಂಡು ಓಡಿದರು. ತುಂಬಿದ ಗೊಂಬೆಗಳ ಜಗತ್ಪ್ರಸಿದ್ಧ ಕಂಪನಿಯೊಂದು ಬೆಳೆದದ್ದು ಆ ಆನೆಯಿಂದ.

ಅವರವರ ಊರಿನ ಕಥೆಯಿಂದ ಅವರವರ ಗೊಂಬೆ ಹುಟ್ಟಿದೆ. ಹಾಗಿದ್ದರೆ ಹಾವೇರಿ ಜಿಲ್ಲೆಯ ಮಗುವಿನ ತೊಟ್ಟಿಲಿಗೆ ಯಾವ ಪ್ರಾಣಿ ಬರಬೇಕು ಎಂದು ಕೇಳುವುದು ನ್ಯಾಯವೇ. ಸುತ್ತ ಕಣ್ಣಾಡಿಸಿದರೆ ಸಾಕು. ಶಿಗ್ಗಾವಿ ತಾಲ್ಲೂಕಿನ ಬಂಕಾಪುರದ ಹಳೆಯ ಕೋಟೆಯೊಳಗೆ 139 ಎಕರೆಯ ನವಿಲುಧಾಮವಿದೆ. 2006ರಲ್ಲಿ ಘೋಷಣೆಯಾದದ್ದು. ಅದೇ ಕೋಟೆಯಲ್ಲಿ ಖಿಲಾರಿ ತಳಿಯ ದನಗಳ ಸಂವರ್ಧನಾ ಕೇಂದ್ರವೂ ಇದೆ. ಆ ಕಡೆ ರಾಣೆಬೆನ್ನೂರಿನಲ್ಲಿ 119 ಚದರ ಕಿಲೊಮೀಟರಿನ ಕೃಷ್ಣಮೃಗ ಅಭಯಾರಣ್ಯ, 1974ರಿಂದ. ಹೆದ್ದಾರಿ ಬದಿಯ ಗೊಟಗೋಡಿಗೆ ಹೋದರೆ ಕಲಾವಿದ ಟಿ.ಬಿ. ಸೊಲಬಕ್ಕನವರ ಕಲ್ಪನೆಯ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಹಳ್ಳಿ ಬದುಕಿನ ಮನುಷ್ಯರೂ ದನಕರುಗಳೂ ಆಳೆತ್ತರಕ್ಕೆ ನಿಂತಿದ್ದಾರೆ. ಡುಬ್ಬ ಎಲ್ಲಿ ಏಳುತ್ತದೆ, ಗಂಗೆದೊಗಲು ಎಷ್ಟು ಇಳಿಯುತ್ತದೆ, ಬಾಲ ಎಲ್ಲಿಂದ ಹೊರಡುತ್ತದೆ ಎಂದು ಸುತ್ತ ನಡೆದು ನೋಡಿ ಅಳೆಯಲು ಅದಕ್ಕಿಂತ ಒಳ್ಳೆಯ ಜಾಗ ಈ ಸೀಮೆಯಲ್ಲಿಲ್ಲ.

ಎಲ್ಲಕ್ಕಿಂತ ಮುಂದೆ ಹೋರಿ. ದೀಪಾವಳಿ ಬಂತೆಂದರೆ ಸವಣೂರು, ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರು ಕಡೆಯ ಹಳ್ಳಿಗಳಲ್ಲಿ ಹೋರಿ ಬೆದರಿಸುವ ಹಬ್ಬ. ಕೊರಳಿಗೆ ಕೊಬ್ಬರಿ ಸರ, ಕೋಡಿಗೆ ರಿಬ್ಬನ್ನು, ಬಲೂನು, ಬೆನ್ನ ಮೇಲೆ ಮಿರಿಮಿರಿ ಜೂಲ. ಹೆಸರಾದ ಹೋರಿಗೆ ಸಿನಿಮಾ ನಾಯಕನಿಗಿರುವಷ್ಟು ಅಭಿಮಾನಿಗಳು. ಅದು ಸತ್ತರೆ ಊರಿಗೆ ಊರೇ ಮೆರವಣಿಗೆಯಲ್ಲಿ ಹೋಗಿ ಮಣ್ಣು ಕೊಟ್ಟು ಬರುತ್ತದೆ. ಈ ಊರುಗಳ ಹುಡುಗನಿಗೆ ಪೆಂಗ್ವಿನ್ ಕೊಟ್ಟರೆ ಒಂದು ದಿನ ಆಡಿಯಾನು. ಹೋರಿ ಕೊಟ್ಟರೆ ಅದಕ್ಕೊಂದು ಹೆಸರಿಟ್ಟು ಓಣಿಯೆಲ್ಲ ಓಡಿಸುತ್ತಾನೆ.

ಹೋರಿ ಹೆಣೆಯುವುದು ಕರಡಿಗಿಂತ ಕಷ್ಟ. ಕರಡಿ ಎಂದರೆ ಚೆಂಡಿನ ಮೇಲೆ ಚೆಂಡು. ಹೋರಿಗೆ ಕೋಡಿದೆ. ಖಿಲಾರಿಯ ಕೋಡು ಹಣೆಯ ಗೆರೆಯನ್ನೇ ಹಿಡಿದು ಹಿಂದಕ್ಕೆ ಹೋಗಿ ಮೇಲಕ್ಕೆ ಬಾಗಿ ಮೊನೆಯಾಗುತ್ತದೆ. ನಾಲ್ಕು ಹೆಣಿಕೆಯಿಂದ ಶುರುಮಾಡಿ ಎರಡು ಸುತ್ತಿಗೊಮ್ಮೆ ಒಂದೊಂದೇ ಏರಿಸುತ್ತ ಎಂಟಕ್ಕೆ ಬಂದು ನಿಲ್ಲಿಸಬೇಕು. ಒಳಗೆ ಹತ್ತಿಯನ್ನು ಕಡ್ಡಿಯಿಂದ ಗಟ್ಟಿಯಾಗಿ ಒತ್ತಬೇಕು, ಇಲ್ಲದಿದ್ದರೆ ಕೋಡು ಕಿವಿಯಂತೆ ಜೋತುಬೀಳುತ್ತದೆ. ಬಾಗು ತರಲು ಒಳಬದಿಯಲ್ಲಿ ದಾರ ಪೋಣಿಸಿ ತುಸು ಎಳೆದು ಗಂಟು ಹಾಕುವುದು ಬಲ್ಲವರ ಉಪಾಯ. ಡುಬ್ಬವನ್ನು ಬೇರೆಯಾಗಿ ಹೆಣೆದು ಹೆಗಲಿನ ಮೇಲೆ ಕೂರಿಸಿ ಸುತ್ತ ಹೊಲಿಯಬೇಕು. ಎರಡು ಸುತ್ತು ಹಿಂದಕ್ಕೆ ಸರಿದರೂ ಹೋರಿ ಒಂಟೆಯಾಗುತ್ತದೆ. ಬಿಳಿಯಲ್ಲಿ ಕೊಂಚ ಬೂದಿ ಬೆರೆತ ಬಣ್ಣದ ಉಲನ್ ಸಿಕ್ಕರೆ ಮೈಗೆ ಸರಿಹೊಂದುತ್ತದೆ. ಹಣೆಕಟ್ಟು, ಗೊಂಡೆಗಳಿಗೆ ಬಣ್ಣ ಹುಡುಕಬೇಕಿಲ್ಲ. ಕಾರಹುಣ್ಣಿಮೆಗೆ ನಿಜದ ಎತ್ತುಗಳಿಗೆ ಕಟ್ಟಲು ಸಂತೆಯಲ್ಲಿ ಮಾರುವ ಉಲನ್ ಗೊಂಡೆಗಳ ಕೆಂಪು, ಹಳದಿ, ಹಸಿರು, ಗುಲಾಬಿಯೇ ಇಲ್ಲಿಗೂ.

ಕೃಷ್ಣಮೃಗದ ಕೋಡಿನಲ್ಲಿ ಬೇರೆಯದೇ ಸೊಗಸಿದೆ. ಗಂಡಿನ ಕೋಡು ತಿರುಪಿನಂತೆ ಸುತ್ತಿಕೊಂಡು ಏರುತ್ತದೆ. ಅದನ್ನು ಹೆಣೆಯಲು ಮೊದಲು ಉದ್ದನೆಯ ಸರಪಳಿ ಹಾಕಿ, ಮರಳಿ ಬರುವಾಗ ಪ್ರತಿ ಕೊಂಡಿಯಲ್ಲೂ ಮೂರು ಮೂರು ಹೆಣಿಕೆ ತುರುಕಬೇಕು. ಜಾಗ ಸಾಲದೆ ಹೆಣಿಕೆಗಳು ಒಂದನ್ನೊಂದು ತಳ್ಳಿ, ಪಟ್ಟಿ ತನ್ನಷ್ಟಕ್ಕೆ ತಾನೇ ತಿರುಚಿಕೊಂಡು ಸುರುಳಿಯಾಗುತ್ತದೆ. ತೈಮಿನಾ ಅವರ ನೆರಿಗೆಯ ಹಿಂದಿರುವ ಕಾರಣವೇ ಇದಕ್ಕೂ. 2013ರಲ್ಲಿ ಡೆನ್ಮಾರ್ಕಿನಲ್ಲಿ ಶುರುವಾಗಿ ಅನೇಕ ದೇಶಗಳಿಗೆ ಹಬ್ಬಿದ ಆಕ್ಟೋಪಸ್ ಗೊಂಬೆಗಳ ಕಾಲುಗಳೂ ಹೀಗೆಯೇ ಸುರುಳಿ. ದಿನ ತುಂಬುವ ಮುಂಚೆ ಹುಟ್ಟಿ ಆಸ್ಪತ್ರೆಯ ಪೆಟ್ಟಿಗೆಯಲ್ಲಿ ಮಲಗಿದ ಕೂಸುಗಳಿಗಾಗಿ ಸ್ವಯಂಸೇವಕರು ಅವನ್ನು ಹೆಣೆದು ಕೊಡುತ್ತಾರೆ. ಸುರುಳಿ ಕಾಲು ಕೈಗೆ ಸಿಕ್ಕರೆ ಹೊಕ್ಕುಳಬಳ್ಳಿ ಹಿಡಿದಂತೆ ಆಗಿ ಕೂಸು ಸಮಾಧಾನದಿಂದಿರುತ್ತದೆ, ನಳಿಕೆಗಳನ್ನು ಕಿತ್ತುಕೊಳ್ಳುವುದಿಲ್ಲ ಎಂಬುದು ಅವರ ನಂಬಿಕೆ. ವೈದ್ಯಕೀಯವಾಗಿ ಇದಿನ್ನೂ ಗಟ್ಟಿಯಾಗಿ ಸಾಬೀತಾಗಿಲ್ಲ. ಆದರೂ ಹೆಸರು ಗೊತ್ತಿಲ್ಲದ ಕೂಸಿಗಾಗಿ ಯಾರೋ ಕೂತು ಎಂಟು ಸುರುಳಿ ಹೆಣೆಯುತ್ತಾರೆ ಎಂಬುದೇ ನೆನಪಿನಲ್ಲಿಡುವಂಥ ಮಾತು.

ಇನ್ನು ಹೂರಣ. ಅಂಗಡಿಯಲ್ಲಿ ಉಲನ್ ಎಂದು ಕೊಡುವ ದಾರ ಬಹುಮಟ್ಟಿಗೆ ಅಕ್ರಿಲಿಕ್. ಕುರಿಯ ಉಣ್ಣೆಗೂ ಅದಕ್ಕೂ ನಂಟಿಲ್ಲ. ಅಗ್ಗ, ಬಣ್ಣ ಬಿಡುವುದಿಲ್ಲ, ಒಗೆದರೆ ಬೇಗ ಒಣಗುತ್ತದೆ. ಹತ್ತಿ ಎಂದೇ ಕರೆದು ಒಳಗೆ ತುಂಬುವ ಬಿಳಿಯ ನೊರೆಯಂಥದ್ದೂ ಪಾಲಿಯೆಸ್ಟರ್ ಎಳೆ. ಮನೆಯ ದಿಂಬಿನ ಅರಳೆಯನ್ನೋ ಬೂರುಗದ ಹತ್ತಿಯನ್ನೋ ತುಂಬಿದರೆ ಮೊದಲ ಸಲ ಒಗೆದಾಗಲೇ ಗಂಟುಗಂಟಾಗಿ ಕಾಲಿಗೆ ಇಳಿಯುತ್ತದೆ. ಹೊರಮೈಗೆ ಮಾತ್ರ ಹತ್ತಿಯ ದಾರವೇ ಉತ್ತಮ ಎನ್ನುವವರು ಹೆಚ್ಚುತ್ತಿದ್ದಾರೆ, ಅದು ಸರಿಯಾದ ಮಾತು. ಕೂಸು ಗೊಂಬೆಯನ್ನು ಬಾಯಿಗಿಟ್ಟೇ ಇಡುತ್ತದೆ. ಅಕ್ರಿಲಿಕ್ ಕಾಲಕ್ರಮೇಣ ಜುಂಗು ಬಿಡುತ್ತದೆ, ಬಿಗಿಯಾಗಿ ಹೊಸೆದ ಹತ್ತಿ ದಾರ ಅಷ್ಟು ಬಿಡುವುದಿಲ್ಲ. ಹತ್ತಿಯ ಮಾತು ಬಂದಾಗ ಈ ನೆಲ ಹೆಮ್ಮೆಪಡಲು ಕಾರಣವಿದೆ. ವರಲಕ್ಷ್ಮಿ, ಡಿಸಿಎಚ್-32 ಎಂಬ ಹೆಸರಾಂತ ಸಂಕರ ಹತ್ತಿ ತಳಿಗಳನ್ನು 1970, 80ರ ದಶಕಗಳಲ್ಲಿ ಕೊಟ್ಟವರು ಧಾರವಾಡದ ಕೃಷಿ ವಿಜ್ಞಾನಿ ಬಿ.ಎಚ್. ಕಟರಕಿ. ಹತ್ತಿ ಬೆಳೆಯುವ ನಾಡಿನವರು ಹತ್ತಿಯ ದಾರವನ್ನು ಗೊಂಬೆಗೆ ಕೇಳಿ ಪಡೆಯುವುದು ಸಹಜವೇ.

ಕಣ್ಣಿನ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಬೇಡ. ಹೊಳೆಯುವ ಪ್ಲಾಸ್ಟಿಕ್ ಕಣ್ಣುಗಳನ್ನು ಸೇಫ್ಟಿ ಐ ಎಂದೇ ಮಾರುತ್ತಾರೆ. ಹಿಂದಿನಿಂದ ಬಿಲ್ಲೆ ಒತ್ತಿ ಕೂರಿಸುವಂಥವು. ಹೊಲಿದ ಬಟ್ಟೆಯಲ್ಲಿ ಗಟ್ಟಿಯಾಗಿ ನಿಲ್ಲಬಹುದು, ಹೆಣೆದ ಮೈ ಎಳೆದರೆ ಹಿಗ್ಗುತ್ತದೆ, ಬಿಲ್ಲೆ ಸಮೇತ ಕಣ್ಣು ಹೊರಬರಬಹುದು. ಮೂರು ವರ್ಷದೊಳಗಿನ ಮಗುವಿಗೆ ಕೊಡುವ ಗೊಂಬೆಗೆ ಕಪ್ಪು ದಾರದಲ್ಲಿ ಕಣ್ಣು ಹೊಲಿಯಬೇಕು. ಗುಂಡಿ, ಮಣಿ, ಗೆಜ್ಜೆ ಯಾವುದೂ ಕೂಡದು. ಹೋರಿಯ ಕೊರಳಿಗೆ ಗೆಜ್ಜೆ ಕಟ್ಟುವ ಆಸೆ ಯಾರಿಗೂ ಆಗುತ್ತದೆ. ಹಳದಿ ದಾರದ ಗಂಟುಗಳನ್ನೇ ಸಾಲಾಗಿ ಹಾಕಿದರೆ ದೂರದಿಂದ ಗೆಜ್ಜೆಯಂತೆಯೇ ಕಾಣುತ್ತವೆ. ಕಾಲು, ಕಿವಿ, ಬಾಲಗಳನ್ನು ಹೊಲಿದ ಮೇಲೆ ಒಮ್ಮೆ ಜಗ್ಗಿ ನೋಡಬೇಕು, ಕರುಣೆಯಿಲ್ಲದೆ. ಮಗು ಅದಕ್ಕಿಂತ ಜೋರಾಗಿ ಜಗ್ಗುತ್ತದೆ.

ಉಡುಗೊರೆಯಾಗಿ ಕೊಡುವವರೆಗೆ ಇಷ್ಟು ಸಾಕು. ಮಾರಲು ಹೊರಟರೆ ಕಾನೂನು ಬರುತ್ತದೆ. ಕೇಂದ್ರ ಸರ್ಕಾರದ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದೆ. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗಳಿಗೂ, ಚನ್ನಪಟ್ಟಣದಂಥ ಭೌಗೋಳಿಕ ಸೂಚ್ಯಂಕ ಪಡೆದ ಆಟಿಕೆಗಳಿಗೂ ಇದರಿಂದ ವಿನಾಯಿತಿ ಇದೆ. ಮನೆಯಲ್ಲಿ ಕೂತು ಗೊಂಬೆ ಹೆಣೆದು ನಾಲ್ಕು ಕಾಸು ನೋಡಬೇಕೆನ್ನುವ ಹೆಣ್ಣುಮಗಳು ಮೊದಲು ಮಾಡಿಸಬೇಕಾದ್ದು ಈ ಕುಶಲಕರ್ಮಿ ಗುರುತಿನ ಚೀಟಿ. ಸ್ವಸಹಾಯ ಸಂಘಗಳ ಸಭೆಗಳಲ್ಲಿ ಸಾಲದ ಕಂತಿನಷ್ಟೇ ಗಟ್ಟಿಯಾಗಿ ಈ ಮಾತೂ ಕೇಳಿಬರಬೇಕು.

ಮತ್ತೆ ಬೆಲೆ. ಸ್ವೆಟರು, ಕಾಲುಚೀಲಗಳನ್ನು ಹೆಣೆಯುವ ಯಂತ್ರಗಳು ನೂರಾರು ವರ್ಷಗಳಿಂದ ಇವೆ. ಕ್ರೋಶಾವನ್ನು ನಿಜವಾಗಿ ಹಾಕುವ ಯಂತ್ರ ಕಾರ್ಖಾನೆಗಳಲ್ಲಿ ಇಲ್ಲ. ಅದರಂತೆ ಕಾಣುವ ಬಟ್ಟೆ ಮಾಡುವ ಯಂತ್ರಗಳಿವೆ, ಅಷ್ಟೇ. ಜಗತ್ತಿನ ಯಾವ ಮೂಲೆಯ ಅಂಗಡಿಯಲ್ಲಿ ಕ್ರೋಶಾ ಗೊಂಬೆ ಕಂಡರೂ ಅದನ್ನು ಯಾರೋ ಒಬ್ಬರು ಕೂತು, ಎಣಿಸಿ, ಬೆರಳು ನೋಯಿಸಿಕೊಂಡು ಹೆಣೆದಿದ್ದಾರೆ. ಅದರ ಬೆಲೆ ತೀರಾ ಅಗ್ಗವಾಗಿದ್ದರೆ ಆ ಅಗ್ಗವನ್ನು ಭರಿಸಿದವರೂ ಅವರೇ.

ಪಕ್ಕದ ಆಂಧ್ರದಲ್ಲಿ ಇದಕ್ಕೆ ಕಣ್ಣೆದುರಿನ ಉದಾಹರಣೆ ಇದೆ. ಗೋದಾವರಿ ತೀರದ ನರಸಾಪುರದ ಕ್ರೋಶಾ ಲೇಸು 19ನೇ ಶತಮಾನದಲ್ಲಿ ಕ್ರೈಸ್ತ ಮಿಷನರಿಗಳ ಮೂಲಕ ಬಂದು ಸಾವಿರಾರು ಮನೆಗಳಿಗೆ ಹಬ್ಬಿ ವಿದೇಶಗಳಿಗೆ ರಫ್ತಾಗುತ್ತ ಬಂದಿದೆ. 2024ರಲ್ಲಿ ಅದಕ್ಕೆ ಭೌಗೋಳಿಕ ಸೂಚ್ಯಂಕವೂ ದೊರೆಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿಗೆ ಬಂದು ಹೆಣ್ಣುಮಕ್ಕಳ ಜೊತೆ ಕೂತು ಅಧ್ಯಯನ ಮಾಡಿ 1982ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅವರು ಕಂಡದ್ದು ಇದು: ದಿನಕ್ಕೆ ಆರೆಂಟು ತಾಸು ಲೇಸು ಹಾಕುವವರನ್ನು ಕೆಲಸಗಾರರೆಂದು ಯಾರೂ ಕರೆಯುವುದಿಲ್ಲ. ಅವರು ಗೃಹಿಣಿಯರು, ಬಿಡುವಿನಲ್ಲಿ ಕೈಕೆಲಸ ಮಾಡುತ್ತಾರೆ ಎಂದೇ ವ್ಯಾಪಾರದವರ ಮಾತು. ಬಿಡುವಿನದೆಂದು ಹೆಸರಿಟ್ಟ ಕೂಡಲೇ ಆ ತಾಸುಗಳಿಗೆ ಕೂಲಿ ಕೇಳುವ ದಾರಿ ಮುಚ್ಚಿತು. ನಲವತ್ತು ವರ್ಷಗಳ ಮೇಲೂ ಆ ಪುಸ್ತಕದ ಮಾತು ಹಳತಾಗಿಲ್ಲ. "ಹೆಂಗೂ ಖಾಲಿ ಕುಂತಿರತಿ, ನಂಗೂ ಒಂದು ಹಾಕಿ ಕೊಡವಾ" ಎಂದು ಕೇಳುವ ಬಾಯಿಗಳು ನಮ್ಮ ಓಣಿಗಳಲ್ಲೂ ಇವೆ. ಕೇಳುವವರಲ್ಲಿ ಕೆಡುಕಿಲ್ಲ. ಅವರಿಗೆ ಎರಡು ಸಾವಿರದ ಲೆಕ್ಕ ಗೊತ್ತಿಲ್ಲ.

ಆ ಲೆಕ್ಕವನ್ನು ಇಲ್ಲಿಯೇ ಹಾಕಿಬಿಡೋಣ. ಪಳಗಿದ ಕೈಗೆ ಒಂದು ಹೆಣಿಕೆಗೆ ಆರು ಸೆಕೆಂಡ್ ಎಂದಿಟ್ಟುಕೊಂಡರೆ ಎರಡು ಸಾವಿರಕ್ಕೆ ಹನ್ನೆರಡು ಸಾವಿರ ಸೆಕೆಂಡ್, ಮೂರು ತಾಸು ಇಪ್ಪತ್ತು ನಿಮಿಷ. ಹತ್ತಿ ತುಂಬುವುದು, ಕಾಲು ಕೋಡು ಜೋಡಿಸುವುದು, ಮುಖ ತಿದ್ದುವುದು, ಗೊಂಡೆ ಕಟ್ಟುವುದಕ್ಕೆ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಊಟ, ಚಹಾ ಸೇರಿದರೆ ಒಂದು ದಿನದ ಕೆಲಸ. 2024-25ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 349 ರೂಪಾಯಿ ಇತ್ತು. ದಾರ, ಹತ್ತಿಯ ಖರ್ಚನ್ನು ಬೇರೆ ಇಟ್ಟರೂ ಹೋರಿಯೊಂದಕ್ಕೆ ಅದಕ್ಕಿಂತ ಕಡಿಮೆ ಕೊಟ್ಟರೆ ಕಾಲುವೆ ಹೂಳೆತ್ತುವ ಕೂಲಿಯನ್ನೂ ಕೊಡದ ಹಾಗಾಯಿತು. ಮಾರುವವರು ಈ ಅಂಕಿಯನ್ನು ನಾಚಿಕೆಯಿಲ್ಲದೆ ಹೇಳಬೇಕು. ಕೊಳ್ಳುವವರು ಚೌಕಾಸಿಗೆ ಇಳಿಯುವ ಮುಂಚೆ ತಲೆಯೊಂದಕ್ಕೇ 432 ಎಂಬುದನ್ನು ನೆನೆಯಬೇಕು.

ಪುಕ್ಕಟೆಯಾಗಿ ಕೊಡುವುದಾದರೆ ಮಾತೇ ಬೇರೆ. ಆಗ ಕೊಡುವವರು ತಮ್ಮ ಒಂದು ದಿನವನ್ನೇ ತೆಗೆದು ಕೊಡುತ್ತಿರುತ್ತಾರೆ. ಈ ಸೀಮೆಯಲ್ಲಿ ಕೂಸಿನ ತೊಟ್ಟಿಲು ಕಾರ್ಯಕ್ಕೆ ತವರಿನಿಂದ ಬರುವ ಕುಲಾಯಿ, ಕುಂಚಿಗೆ, ಕೌದಿಗಳು ಅಂಥವೇ. ಕೌದಿಯಲ್ಲಿ ಅಜ್ಜಿಯ ಹಳೆ ಸೀರೆ, ಅತ್ತೆಯ ಕುಪ್ಪಸ, ಅಪ್ಪನ ಧೋತರ ಎಲ್ಲ ಚೂರುಚೂರಾಗಿ ಸೇರಿ, ಒತ್ತು ಟಾಕಿಯಲ್ಲಿ ಸಾಲುಸಾಲಾಗಿ ಹೊಲಿದು, ಮೂಲೆಗೊಂದು ಬಣ್ಣದ ತುಂಡು ಇಟ್ಟಿರುತ್ತದೆ. ಅದನ್ನು ಹೊಲಿಯಲು ತಿಂಗಳು ಹಿಡಿಯಿತೆಂದು ಯಾರೂ ದೂರುವುದಿಲ್ಲ. ಆ ಕೌದಿಯ ಮೇಲೆ ಕೂಸಿನ ಮಗ್ಗುಲಿಗೆ ದಾರದ ಹೋರಿಯೊಂದು ಬಂದು ಮಲಗಿದರೆ ಅದು ಹೊರಗಿನದೆಂದು ಅನ್ನಿಸುವುದಿಲ್ಲ. ಅಮಾವಾಸ್ಯೆಯ ಮಣ್ಣೆತ್ತು ನೀರಿಗೆ ಹೋಗುತ್ತದೆ, ಹುಣ್ಣಿಮೆಯ ಸಕ್ಕರೆ ಎತ್ತು ಬಾಯಿಗೆ ಹೋಗುತ್ತದೆ. ದಾರದ್ದು ಮಾತ್ರ ಮಗು ಶಾಲೆಗೆ ಹೋಗುವ ಹೊತ್ತಿಗೂ ಒಂದು ಕೋಡು ಸಡಿಲಾಗಿ, ಮೈ ಮಾಸಿ ಮನೆಯಲ್ಲೇ ಇರುತ್ತದೆ. ಸಾಬೂನಿನ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಹಿಂಡದೆ ಟವೆಲಿನಲ್ಲಿ ಒತ್ತಿ, ನೆರಳಿನಲ್ಲಿ ಒಣಗಿಸಿದರೆ ಮತ್ತೆ ಓಟಕ್ಕೆ ಸಿದ್ಧ.

ಬರುವ ಬಲಿಪಾಡ್ಯಮಿಗೆ ಮನೆಯ ಹುಡುಗನಿಗೋ ಹುಡುಗಿಗೋ ಹೋರಿ ಕೊಡಬೇಕೆಂದಿದ್ದರೆ ನವರಾತ್ರಿಯ ಘಟಸ್ಥಾಪನೆಯ ದಿನ ಮೊದಲ ಉಂಗುರ ಹಾಕಬಹುದು. ಅಲ್ಲಿಂದ ಪಾಡ್ಯಕ್ಕೆ ಸರಿಯಾಗಿ ಒಂದು ತಿಂಗಳು. ಹೊಸದಾಗಿ ಕಲಿಯುವವರಿಗೂ ದಿನಕ್ಕೆ ಅರ್ಧ ತಾಸು ಸಾಕು. ಬನ್ನಿ ಮುಡಿಯುವ ಹೊತ್ತಿಗೆ ತಲೆ, ಮೈ ಮುಗಿದಿರುತ್ತವೆ. ಶೀಗಿ ಹುಣ್ಣಿಮೆಗೆ ನಾಲ್ಕು ಕಾಲು. ಆಮೇಲಿನ ವಾರ ಡುಬ್ಬ, ಕೋಡು. ನರಕ ಚತುರ್ದಶಿಯ ಹಿಂದಿನ ರಾತ್ರಿ ಹಂಡೆಗೆ ನೀರು ತುಂಬಿಟ್ಟು ಮನೆಮಂದಿ ಮಲಗಿದ ಮೇಲೆ, ಕಪ್ಪು ದಾರ ಪೋಣಿಸಿಕೊಂಡು ಕಣ್ಣು ಹೊಲಿಯುವುದೊಂದು ಬಾಕಿ.